ಸ್ತ್ರೀ ಮಾಸಪತ್ರಿಕೆಗಳೂ ಲೇಖಿಕೆಯರ ನಾಮನಿರ್ಣಯವೂ

ಮಂಗಳೂರಿನ ಕದ್ರಿ ಮಂಜುನಾಥ ದೇವಾಲಯದ ಲೋಕೇಶ್ವರ ಕಂಚಿನ ವಿಗ್ರಹದ ಪೀಠಶಾಸನವು, ಅದನ್ನು ಕಲಿವರ್ಷ 4068ರಲ್ಲಿ, ಎಂದರೆ ಕ್ರಿ.ಶ. 968ರಲ್ಲಿ, ಪ್ರತಿಷ್ಠಿಸಿದ ಆಳುಪ ದೊರೆ ಕುಂದವರ್ಮನ ಹೆಸರನ್ನು ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೆ ಸಾವಿರ ವರ್ಷ ಈಚಿನವರಾದ, ಕನ್ನಡ ಮಾಸಪತ್ರಿಕೆಗಳಿಗೆ ಬರೆದು ಕಳುಹಿದ ಸ್ತ್ರೀಯರ ವಿಷಯದಲ್ಲಿ ಸಂಶೋಧಕನಿಗೆ ಈ ಸೌಲಭ್ಯವಿಲ್ಲ.

ಮನೆಗೆಲಸದ ನಡುವೆ ಬರೆದು ಅಂಚೆಗೆ ಹಾಕಬಹುದಾದ ಕಿರುಲೇಖನಕ್ಕೆ ಪತ್ರಿಕೆಯೇ ಸುಲಭದ್ವಾರವಾಗಿದ್ದಿತು; ಹೆಸರನ್ನು ಪ್ರಕಟಿಸುವುದು ಅಷ್ಟು ಸುಲಭವಾಗಿರಲಿಲ್ಲ. 1912ರಲ್ಲಿ ಜನಿಸಿದ ಕೊಡಗಿನ ಗೌರಮ್ಮನವರು ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಪತಿಯ ಹೆಸರಿನ ಮರೆಯಲ್ಲಿಯೂ, ಕರಾವಳಿಯ ಸರಸ್ವತೀಬಾಯಿ ರಾಜವಾಡೆಯವರು ‘ಗಿರಿಬಾಲೆ’ ಎಂಬ ಕಾವ್ಯನಾಮದಿಂದಲೂ ಬರೆದರು.

ಈ ಸಂಕೋಚವನ್ನು ಕಳೆಯುವುದರಲ್ಲಿ ಸಂಪಾದಿಕೆಯರ ಪಾತ್ರವು ಹಿರಿದು. ನಂಜನಗೂಡು ತಿರುಮಲಾಂಬಾ ಅವರು 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಬಳಿಕ ‘ಕರ್ನಾಟಕ ನಂದಿನಿ’ ಮಾಸಪತ್ರಿಕೆಯನ್ನು ನಡೆಸಿದರು, ಆರ್. ಕಲ್ಯಾಣಮ್ಮನವರು ‘ಸರಸ್ವತಿ’ಯನ್ನೂ, ರಾಜವಾಡೆಯವರು ಉಡುಪಿಯಲ್ಲಿ ‘ಸುಪ್ರಭಾತ’ವನ್ನೂ ನಡೆಸಿದರು. ಲೇಖನವನ್ನು ಓದಿ ಆರಿಸುವವಳೂ ಸ್ತ್ರೀಯೇ ಎಂದಾಗ ಹೊಸ ಲೇಖಿಕೆಗೆ ಧೈರ್ಯ ಬರುವುದು ಸಹಜವಾದುದು.

ಗೌರಮ್ಮ, ಗಿರಿಬಾಲೆಯರ ನಿಜನಾಮಗಳು ತಿಳಿದಿರುವುದರಿಂದ ಅವರ ಕೃತಿಗಳು ಸಾಹಿತ್ಯಚರಿತ್ರೆಗೆ ಸೇರಿದವು. ‘ಒಬ್ಬ ಸೋದರಿ’ ಎಂಬಂತಹ ಅಂಕಿತದ ಬರಹಕ್ಕೆ ಆ ಭಾಗ್ಯವಿಲ್ಲ. ಕಾಗದವು ಕಂಚಿನಂತೆ ಬಾಳದು. ಆದುದರಿಂದ ಮನೆಗಳಲ್ಲಿ ಉಳಿದಿರುವ ಹಳೆಯ ಸಂಚಿಕೆಗಳನ್ನೂ ಪತ್ರಗಳನ್ನೂ ಈಗಲೇ ಸಂಗ್ರಹಿಸಿ ನಾಮನಿರ್ಣಯ ಮಾಡತಕ್ಕದ್ದು.