ಗಣಿತಸಾರಸಂಗ್ರಹದಲ್ಲಿ ಸಮಪಾಲಿನ ಲೆಕ್ಕ

ಗಾಣಗಾಪುರದ ಬಳಿ ಅಮರಜೆಯನ್ನು ಕೂಡಿಕೊಂಡ ಭೀಮಾನದಿಯು ಕೆಳಗೆ ಸಾಗಿ ಕಾಗಿಣಾ ನದಿಯನ್ನೂ ಸೇರಿಸಿಕೊಳ್ಳುವುದು. ಆ ಕಾಗಿಣೆಯ ದಡದ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವು. ಕ್ರಿ. ಶ. 9ನೆಯ ಶತಮಾನದಲ್ಲಿ ಅಲ್ಲಿ ಆಳಿದ ಅಮೋಘವರ್ಷ ನೃಪತುಂಗನನ್ನು ಕನ್ನಡಿಗರು ‘ಕವಿರಾಜಮಾರ್ಗ’ದೊಡನೆ ಸ್ಮರಿಸುವುದು ವಾಡಿಕೆ. ಆದರೆ ಅದೇ ಅರಸನನ್ನು ಆರಂಭದ ಶ್ಲೋಕಗಳಲ್ಲಿ ಸ್ತುತಿಸಿರುವ ಇನ್ನೊಂದು ಗ್ರಂಥವುಂಟು. ಅದು ಜೈನ ಪಂಡಿತನಾದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’.

ಬರಿಯ ಅಂಕೆಗಳನ್ನು ಮುಂದಿಡದೆ, ಲೋಕವ್ಯವಹಾರದ ಸನ್ನಿವೇಶಗಳಿಂದ ಲೆಕ್ಕವನ್ನು ಕಲಿಸುವುದು ಆಚಾರ್ಯನ ಕ್ರಮ. ಒಂದೊಂದು ಜಿನಾಲಯಕ್ಕೆ 8 ತಾವರೆಗಳಂತೆ 144 ಜಿನಾಲಯಗಳಿಗೆ ಅರ್ಪಿಸಿದ ತಾವರೆಗಳೆಷ್ಟು ಎಂಬುದು ಗುಣಾಕಾರದ ಪ್ರಶ್ನೆ, ಉತ್ತರ 1152. ಭಾಗಾಕಾರದಲ್ಲಿ 8192 ದೀನಾರಗಳನ್ನು 64 ಜನರಿಗೆ ಸಮನಾಗಿ ಹಂಚಬೇಕಾಗಿದೆ. ಇದಕ್ಕೆ ಆತನು ವಿಧಿಸಿದ ಉಪಾಯವೇ ಸದೃಶಾಪವರ್ತನ, ಎಂದರೆ ಭಾಜ್ಯ ಭಾಜಕಗಳೆರಡಕ್ಕೂ ಸಮಾನವಾದ ಅಪವರ್ತನವನ್ನು ಮೊದಲು ತೆಗೆದುಹಾಕುವುದು. ಎರಡನ್ನೂ 8ರಿಂದ ಭಾಗಿಸಿದರೆ 1024 ಮತ್ತು 8 ಉಳಿಯುವುವು. ಮತ್ತೊಮ್ಮೆ ಹಾಗೆಯೇ ಮಾಡಲು 128 ಮತ್ತು 1. ಒಬ್ಬೊಬ್ಬನ ಪಾಲು 128 ದೀನಾರ. ಹಣವನ್ನೂ ಜನರನ್ನೂ ಒಂದೇ ಪ್ರಮಾಣದಲ್ಲಿ ಕುಗ್ಗಿಸಿದರೆ ಒಬ್ಬನ ಪಾಲು ಕುಗ್ಗದೆಂಬುದೇ ಇದರ ಮರ್ಮ. 64 ಜನರನ್ನು ಎಂಟೆಂಟು ಜನರ 8 ಪಂಗಡಗಳಾಗಿಸಿದರೆ ಪಂಗಡಕ್ಕೆ 1024 ದೀನಾರಗಳು ಬರುವುವು; ಅದನ್ನು ಎಂಟು ಜನರು ಹಂಚಿಕೊಂಡಂತಾಯಿತು.

‘ಸಾಧ್ಯವಿದ್ದರೆ’ ಹೀಗೆ ಮಾಡಬೇಕೆಂದು ಆಚಾರ್ಯನು ಎಚ್ಚರಿಸಿರುವುದು ಗಮನಾರ್ಹ. 2701 ಹೊನ್ನನ್ನು 37 ಜನರಿಗೆ ಹಂಚುವ ಲೆಕ್ಕವನ್ನೂ ಆತನೇ ಕೊಟ್ಟಿದ್ದಾನೆ. 37 ಅವಿಭಾಜ್ಯವಾದುದರಿಂದ ಅದನ್ನು ಒಡೆದು ಹಂತಹಂತವಾಗಿ ಕುಗ್ಗಿಸುವಂತಿಲ್ಲ. ನೇರವಾಗಿ ಭಾಗಿಸಿಯೇ 73 ಎಂಬ ಫಲವನ್ನು ಪಡೆಯಬೇಕು. ಇನ್ನೂ ಕಠಿನವಾದುದು ದಾರಿಗರ ಲೆಕ್ಕ. ಸಮನಾದ 63 ಬಾಳೆಹಣ್ಣಿನ ರಾಶಿಗಳು, ಬಿಡಿಯಾಗಿ 7 ಹಣ್ಣುಗಳು. ಇವನ್ನೆಲ್ಲ 23 ದಾರಿಗರು ಶೇಷವುಳಿಯದಂತೆ ಹಂಚಿಕೊಂಡರು. ರಾಶಿಯೊಂದರಲ್ಲಿ ಎಷ್ಟು ಹಣ್ಣು? 63ಕ್ಕೂ 23ಕ್ಕೂ ಸಮಾನವಾದ ಅಪವರ್ತನವಿಲ್ಲ. ಮೇಲಾಗಿ ಒಟ್ಟು ಮೊತ್ತವೇ ತಿಳಿಯದು. ಇಲ್ಲಿ ಆಚಾರ್ಯನು ಕುಟ್ಟೀಕಾರವೆಂಬ ಬೇರೊಂದು ವಿಧಾನವನ್ನು ಬಳಸುವನು. ಅತ್ಯಲ್ಪ ಉತ್ತರವು 5. ಆಗ ಒಟ್ಟು ಹಣ್ಣುಗಳು 322, ಒಬ್ಬೊಬ್ಬನಿಗೆ 14.

ಈ ಗ್ರಂಥವನ್ನು 11ನೆಯ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ರಲ್ಲಿ ಪದ್ಮಾವತಮ್ಮನವರ ಕನ್ನಡಾನುವಾದವು ಹೊಂಬುಜದಿಂದ ಹೊರಬಂದಿತು. ‘ಅಪವರ್ತನ’ವೆಂಬ ಶಬ್ದವಾದರೋ ಇಂದಿಗೂ ಕನ್ನಡ ಶಾಲೆಗಳ ಪಾಠದಲ್ಲಿ ಬಳಕೆಯಲ್ಲಿದೆ. ಭೀಮಾತೀರದ ಬಾಲಕ ಬಾಲಕಿಯರು ಅದನ್ನು ಪರದೇಶದಿಂದ ಬಂದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ತಮ್ಮ ನೆರೆಯ ಮಳಖೇಡದಿಂದ ಆಳಿದ ಅರಸನ ಕಾಲದಲ್ಲಿಯೇ ಅದು ಲೆಕ್ಕದ ಪುಸ್ತಕವನ್ನು ಸೇರಿತ್ತೆಂಬುದನ್ನು ಪಾಠದೊಡನೆ ಅವರಿಗೆ ತಿಳಿಸುವುದು ಹಿರಿಯರ ಕರ್ತವ್ಯ.