ಚೀಪ್ ಆದ ದೇಶ: ಥಾಯ್ಲೆಂಡ್ 1997 (ಹಣದ ಕಥೆಗಳು, ಭಾಗ 4)

ಫೋಟೋದಲ್ಲಿರೋದು ಬ್ಯಾಂಕಾಕ್‌ನ ಸಾಥಾರ್ನ್ ಯೂನಿಕ್. 1997ರಲ್ಲಿ ದುಡ್ಡಿಲ್ಲದೆ ಕೆಲಸ ನಿಂತು, ದಶಕಗಳ ಕಾಲ ಹಾಗೇ ಪಾಳು ಬಿದ್ದ ಗಗನಚುಂಬಿ. ಜನ ಅದನ್ನ ದೆವ್ವದ ಕಟ್ಟಡ ಅಂತಾರೆ. ನಿಜವಾದ ದೆವ್ವ ಸಾಲದ್ದು.

ಆಗ ಒಂದು ಡಾಲರ್‌ಗೆ ಸುಮಾರು 25 ಬಾತ್. ಆ ದರ ಉಳಿಸೋಕೆ ಅಲ್ಲಿನ ಕೇಂದ್ರ ಬ್ಯಾಂಕ್ ಡಾಲರ್ ಮಾರುತ್ತಾ ಹೋಗಿ, ಕೈ ಖಾಲಿಯಾದ ಮೇಲೆ 1997ರ ಜುಲೈ 2ರಂದು ಬಾತ್ ಅನ್ನು ಕೈಬಿಟ್ಟಿತು. 1998ರ ಜನವರಿಯಲ್ಲಿ ಡಾಲರ್ ಬೆಲೆ 50 ಬಾತ್ ದಾಟಿತು. ಡಾಲರ್‌ನಲ್ಲಿ ಸಾಲ ಮಾಡಿದ್ದವರಿಗೆ ಆರೇ ತಿಂಗಳಲ್ಲಿ ಸಾಲ ಡಬಲ್! 56 ಫೈನಾನ್ಸ್ ಕಂಪನಿಗಳಿಗೆ ಬೀಗ ಬಿತ್ತು.

ಸರ್ಕಾರಕ್ಕೆ ಡಾಲರ್ ಬೇಕಿತ್ತು. ಪ್ರವಾಸಿಗರು ಬಂದ್ರೆ ಡಾಲರ್ ಬರುತ್ತೆ ಅಲ್ವಾ? 'ಅಮೇಜಿಂಗ್ ಥಾಯ್ಲೆಂಡ್' ಅನ್ನೋ ಪ್ರಚಾರ ಜೋರಾಗಿ ನಡೆಯಿತು. ಏಷ್ಯಾದ ಅಕ್ಕಪಕ್ಕದ ದೇಶಗಳಿಗೂ ಅದೇ ಪೆಟ್ಟು ಬಿದ್ದಿದ್ದರಿಂದ ಅಲ್ಲಿಂದ ಬರೋರು ಕಮ್ಮಿಯಾದರು. ಆದರೆ ಯುರೋಪಿನವರಿಗೆ ಎಲ್ಲಾ ಅಗ್ಗ, ಅವರು ಬಂದರು. 1997ರಲ್ಲಿ ಸುಮಾರು 72 ಲಕ್ಷ ಇದ್ದ ಪ್ರವಾಸಿಗರು 1998ರಲ್ಲಿ 77 ಲಕ್ಷ, 1999ರಲ್ಲಿ 85 ಲಕ್ಷ ದಾಟಿದರು.

ಹಾಗಾದ್ರೆ ಗೆದ್ದರಾ? ಇಲ್ಲೇ ನಮ್ಮ ಬಿಕಾಂ ಲೆಕ್ಕ ಬೇಕಾಗೋದು.

ಸಾವಿರ ಬಾತ್‌ನ ರೂಮು ಅಂದುಕೊಳ್ಳಿ. ಮೊದಲು ಅದರಿಂದ 40 ಡಾಲರ್ ಬರ್ತಿತ್ತು. ಡಾಲರ್‌ಗೆ 40 ಬಾತ್ ಆದಾಗ ಬರೋದು 25 ಡಾಲರ್ ಮಾತ್ರ. ಮೊದಲಿನಷ್ಟೇ ಡಾಲರ್ ಬೇಕಂದ್ರೆ 100 ಜನ ಬರ್ತಿದ್ದ ಕಡೆ 160 ಜನ ಬರಬೇಕು. ಬಂದದ್ದು ಸುಮಾರು 107. ಅದಕ್ಕೇ 1998ರಲ್ಲಿ ಜನ ಜಾಸ್ತಿ, ಬಾತ್ ಆದಾಯವೂ ಜಾಸ್ತಿ, ಡಾಲರ್ ಮಾತ್ರ ಕಮ್ಮಿ. ಸಾಲ ತೀರಿಸಬೇಕಾಗಿದ್ದು ಡಾಲರ್‌ನಲ್ಲೇ.

ಆ ವರ್ಷ ದೇಶದ ಜಿಡಿಪಿ ಶೇ. 7ಕ್ಕೂ ಹೆಚ್ಚು ಕುಸಿಯಿತು. ಆದರೂ ಪ್ರವಾಸೋದ್ಯಮ ಸೋತಿತು ಅಂತ ನಾನು ಹೇಳಲ್ಲ. ಕಟ್ಟಡದ ಕೆಲಸ ನಿಂತು ಹೋದ ಊರಲ್ಲಿ ಹೋಟೆಲ್ ಕೆಲಸ ಉಳೀತು, ಅದು ಸಣ್ಣ ಮಾತಲ್ಲ. ರಫ್ತೂ ಚೇತರಿಸಿಕೊಂಡು, 2003ರಲ್ಲಿ ಐಎಂಎಫ್ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಿದರು.

ಆದರೆ ರೂಮು ಗುಡಿಸೋರ ಸಂಬಳ ಬಾತ್‌ನಲ್ಲಿ, ಹೊರದೇಶದಿಂದ ಬರೋ ಪೆಟ್ರೋಲಿನ ಬೆಲೆ ಡಾಲರ್‌ನಲ್ಲಿ. ನಮಗೆ ಸಿಕ್ಕ ಡಿಸ್ಕೌಂಟ್ ಅವರ ಜೇಬಿಂದ ಹೋಗಿದ್ದು.

ಮುಂದಿನ ಸಲ ಯಾವುದಾದ್ರೂ ದೇಶ 'ಸಖತ್ ಚೀಪ್' ಅಂತ ಕೇಳಿದಾಗ, ಯಾಕೆ ಚೀಪ್ ಆಯ್ತು ಅಂತಾನೂ ಒಂದು ಸಲ ಕೇಳಿ.

ಭಾಗ 5ರಲ್ಲಿ ಸಿಗೋಣ.

#ಹಣದಕಥೆಗಳು #ಇತಿಹಾಸ #ಬಿಕಾಂ