ಹಲಗಲಿಯ ಬಂದೂಕಿಗೆ ಮದ್ದು ಎಲ್ಲಿಂದ ಬರುತ್ತಿತ್ತು?

ಚುನಾವಣೆ ಘೋಷಣೆಯಾಯಿತೆಂದರೆ ಲೈಸೆನ್ಸ್ ಬಂದೂಕು ಇಟ್ಟುಕೊಂಡವರಿಗೆ ಠಾಣೆಯಿಂದ ಕರೆ ಬರುತ್ತದೆ. ಬಂದೂಕು ಜಮಾ ಮಾಡಿ ರಸೀದಿ ತಗೊಳ್ಳಬೇಕು. ಎಣಿಕೆ ಮುಗಿದ ಮೇಲೆ ವಾಪಸ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಯಾವ ತಾಲ್ಲೂಕಿನಲ್ಲೂ ಇದು ಹೊಸ ಮಾತಲ್ಲ. ಕಬ್ಬಿಗೆ ಹಂದಿ ಬಿದ್ದ ರಾತ್ರಿ "ಬಂದೂಕು ಠಾಣೇದಾಗ ಐತ್ರಿ, ಏನ್ ಮಾಡೂದು" ಎಂದು ಗೊಣಗುವವರು ನಮಗೂ ಸಿಕ್ಕಿದ್ದಾರೆ.

ಆಯುಧ ತಂದು ಒಪ್ಪಿಸಿ ಎಂದು ಸರ್ಕಾರ ಹೇಳಿದ್ದು, ಕೊಡುವುದಿಲ್ಲ ಎಂದು ಒಂದು ಊರು ಹೇಳಿದ್ದು ಅಂದರೆ ನಮ್ಮ ಕಡೆಯ ಮಕ್ಕಳಿಗೆ ಥಟ್ಟನೆ ನೆನಪಾಗುವುದು ಹಲಗಲಿ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಆ ಲಾವಣಿ ಇದೆ. ಪರೀಕ್ಷೆಯಲ್ಲಿ "ಹಲಗಲಿಯ ಬೇಡರು ಏಕೆ ದಂಗೆ ಎದ್ದರು?" ಎಂದು ಕೇಳಿದರೆ "ಹತ್ಯಾರ ಕಸಿಯುವ ಕಾನೂನಿಗಾಗಿ" ಎಂದು ಬರೆದರೆ ಅಂಕ ಸಿಗುತ್ತದೆ. ಉತ್ತರ ಸರಿಯೇ. ಆದರೆ ಬಂದೂಕು ಒಂದೇ ಇದ್ದರೆ ಅದು ಬರೀ ಕೋಲು. ಅದರೊಳಗೆ ತುಂಬುವ ಮದ್ದು ಎಲ್ಲಿಂದ ಬರುತ್ತಿತ್ತು, ಆಮೇಲೆ ಯಾಕೆ ಬರದಾಯಿತು? ನಾವು ಈ ಸಲ ಅದನ್ನೇ ಬರೆಯಬೇಕೆಂದಿದ್ದೇವೆ.

ಆಗಿನ ಬಂದೂಕು ಈಗಿನ ಹಾಗೆ ಕಾಡತೂಸು ಹಾಕಿ ಹೊಡೆಯುವಂಥದ್ದಲ್ಲ. ನಳಿಗೆಯ ಬಾಯಿಂದ ಮದ್ದು ಸುರಿದು, ಮೇಲೆ ಸೀಸದ ಗುಂಡು ಹಾಕಿ, ಸಲಾಕೆಯಿಂದ ಗಿಡಿದು, ಬತ್ತಿಯ ಬೆಂಕಿ ತಾಗಿಸಿ ಹಾರಿಸುವಂಥದ್ದು. ಮದ್ದಿಗೆ ಬೇಕಾದದ್ದು ಮೂರು: ಪೆಟ್ಲುಪ್ಪು, ಇದ್ದಿಲು, ಗಂಧಕ. ಪೆಟ್ಲುಪ್ಪು ಹಳೇ ಊರಿನ ಮಣ್ಣಿನಲ್ಲೇ ಸಿಗುತ್ತಿತ್ತು. ದನಕರು ಕಟ್ಟಿದ ಜಾಗದ, ಹಾಳುಗೋಡೆಯ ಬುಡದ ಉಪ್ಪುಮಣ್ಣನ್ನು ನೀರಲ್ಲಿ ಬಸಿದು ಕುದಿಸಿ ತೆಗೆಯುತ್ತಿದ್ದರು. ಇದ್ದಿಲಿಗೆ ಹಗುರ ಕಟ್ಟಿಗೆ ಸಾಕು. ಗುಂಡನ್ನು ಮನೆಯಲ್ಲೇ ಅಚ್ಚಿಗೆ ಹೊಯ್ದುಕೊಳ್ಳಬಹುದು. ಗಂಧಕ ಮಾತ್ರ ನಮ್ಮ ನೆಲದಲ್ಲಿ ಹುಟ್ಟುವ ವಸ್ತುವಲ್ಲ. ಹಡಗಿನಲ್ಲಿ ಬಂದರಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ಪೇಟೆಗೆ ಬರಬೇಕು. ಗಂಧಕದ ದಾರಿ ಹಿಡಿದವನ ಕೈಯಲ್ಲಿ ಮದ್ದಿನ ದಾರಿ ಇತ್ತು.

(ಒಂದು ಮಾತು. ಅಥಣಿ ಕಡೆ ದ್ರಾಕ್ಷಿ ಬೆಳೆಯುವವರು ಡ್ರಿಪ್‌ನಲ್ಲಿ ಬಿಡುವ 13:0:45 ಎಂಬ ಗೊಬ್ಬರ ಇದೆಯಲ್ಲ, ಅದು ಇದೇ ಪೆಟ್ಲುಪ್ಪು. ಬೂದಿ ರೋಗಕ್ಕೆ ಹೊಡೆಯುವುದು ಇದೇ ಗಂಧಕ. ಒಂದು ಕಾಲದಲ್ಲಿ ಸರ್ಕಾರಗಳು ಬೀಗ ಹಾಕಿ ಕಾಯುತ್ತಿದ್ದ ಸರಕು ಈಗ ತೋಟದ ಶೆಡ್ಡಿನಲ್ಲಿ ಚೀಲದಲ್ಲಿರುತ್ತದೆ.)

ಬಂದೂಕು ಇದ್ದದ್ದು ಯಾರ ಬಳಿ? ಬರೀ ದೇಸಾಯಿ, ಜಹಗೀರದಾರರ ಬಳಿ ಅಲ್ಲ. ಊರು ಕಾಯುವ ತಳವಾರ, ಭೂಮಿಗೆ ಬದಲಾಗಿ ಕಾವಲು ಮಾಡುವ ಶೇತ್‌ಸನದಿ, ಬೇಟೆಯಿಂದ ಹೊಟ್ಟೆ ಹೊರೆಯುವ ಬೇಡರು, ಇವರಿಗೆಲ್ಲ ಅದು ಕುಂಟೆ, ಕುಡಗೋಲು ಇದ್ದ ಹಾಗೆ ದುಡಿಮೆಯ ಸಾಮಾನು. ಸಂಗೊಳ್ಳಿ ರಾಯಣ್ಣ ಕೂಡ ಶೇತ್‌ಸನದಿಯೇ. ಕಂಪನಿ ಸರ್ಕಾರ 1852ರ ಕಾನೂನಿನಿಂದ ಇನಾಂ ಜಮೀನುಗಳ ದಾಖಲೆ ಕೆದಕಲು ಶುರು ಮಾಡಿತು. ಕಾಗದ ತೋರಿಸಲಾಗದವರ ಇನಾಂ ಹೋಯಿತು. ಐದು ವರ್ಷದಲ್ಲಿ ಬಂದೂಕಿನ ಸರದಿ ಬಂತು.

ಅದಕ್ಕೂ ಮೊದಲು ದೊಡ್ಡ ಮದ್ದಿನ ಮನೆಗಳು ಒಂದೊಂದಾಗಿ ಬರಿದಾಗಿದ್ದವು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕಂಪನಿ ಸೈನ್ಯ ಮತ್ತೆ ಬಂದಾಗ ಕೋಟೆಯ ತೋಪುಗಳು ಹಾರಲಿಲ್ಲ, ಮನೆಮುರುಕರು ಮದ್ದಿನಲ್ಲಿ ಸಗಣಿ ಬೆರೆಸಿದ್ದರು ಎಂಬುದು ಜನರ ಬಾಯಲ್ಲಿ ಉಳಿದ ಕಥೆ. ನಾಟಕಗಳಲ್ಲಿ ಈ ದೃಶ್ಯ ಬಂದಾಗ ಇಂದಿಗೂ ಪ್ರೇಕ್ಷಕರು ಹಲ್ಲು ಕಡಿಯುತ್ತಾರೆ. ಸೋಲಿಗೆ ಜನ ಕೊಟ್ಟುಕೊಂಡ ಕಾರಣ ನೋಡಿ: ಧೈರ್ಯ ಕಡಿಮೆ ಬಿತ್ತು ಅನ್ನಲಿಲ್ಲ, ಮದ್ದು ಕೆಟ್ಟಿತು ಅಂದರು.

ನಿಪ್ಪಾಣಿಯ ಸಿದ್ದೋಜಿರಾವ್ 1839ರಲ್ಲಿ ತೀರಿಕೊಂಡ ಮೇಲೆ ಸಂಸ್ಥಾನ ಕಂಪನಿಯ ಪಾಲಾಯಿತು. 1841ರಲ್ಲಿ ಅರಬ್ ಸಿಪಾಯಿಗಳು ನಿಪ್ಪಾಣಿ ಕೋಟೆ ಸೇರಿ ಬಾಗಿಲು ಹಾಕಿಕೊಂಡರು. ಬೆಳಗಾವಿಯಿಂದ ಸೈನ್ಯ ಬಂದು ಅವರನ್ನು ಮಣಿಸಿತು. 1844ರಲ್ಲಿ ಕೊಲ್ಹಾಪುರ ಸಂಸ್ಥಾನದ ಗಡಕರಿಗಳು, ಅಂದರೆ ಕೋಟೆ ಕಾಯುವ ಜನ, ಸಾಮಾನಗಡ, ಭುದರಗಡಗಳಲ್ಲಿ ದಂಗೆ ಎದ್ದರು. ಅದನ್ನು ಅಡಗಿಸಿದ ಮೇಲೆ ಆ ಕೋಟೆಗಳನ್ನು ನಿರುಪಯೋಗ ಮಾಡಲಾಯಿತು. ಆಗ ರಾಯಬಾಗ ಕೊಲ್ಹಾಪುರಕ್ಕೆ ಸೇರಿತ್ತು, ಆ ಸುದ್ದಿ ಅಲ್ಲಿಯ ಮನೆಮನೆಗೂ ಮುಟ್ಟಿರಲೇಬೇಕು. ಕೋಟೆಗಳ ಮದ್ದು ಹೀಗೆ ಹೋಯಿತು. ಉಳಿದದ್ದು ಮನೆಗಳ ಅಟ್ಟದಲ್ಲಿದ್ದ, ಗಡಿಗೆಯಲ್ಲಿದ್ದ ಮದ್ದು.

ನಮ್ಮ ಐದು ತಾಲ್ಲೂಕು ಆಗ ಒಂದೇ ಕೈಯಲ್ಲಿ ಇರಲಿಲ್ಲ. ಚಿಕ್ಕೋಡಿ ಕಂಪನಿಯದು, ರಾಯಬಾಗ ಕೊಲ್ಹಾಪುರದ್ದು, ಕಾಗವಾಡ ಪಟವರ್ಧನರ ಜಹಗೀರು. ಒಂದು ದಿನದ ನಡಿಗೆಯಲ್ಲಿ ಮೂರು ಆಡಳಿತ. ಡೀಸೆಲ್ ಅಗ್ಗ ಇದ್ದಾಗ ಮಹಾರಾಷ್ಟ್ರದ ಗಾಡಿಗಳು ಕೊಗನೊಳಿ ದಾಟಿ ಈಚೆ ಬರುತ್ತಿದ್ದವಲ್ಲ, ಅಂಥ ಗಡಿ. ಒಂದು ಕಡೆ ಬಿಗಿ ಮಾಡಿದರೆ ಸರಕು ಇನ್ನೊಂದು ಕಡೆ ಸರಿಯುವ ಜಾಗ ಇದು. ಇದನ್ನು ಸಾಹೇಬರೂ ಬಲ್ಲರು. ಅದಕ್ಕೇ ಬರೀ ಕಂಪನಿಯ ಹಳ್ಳಿಗಳಲ್ಲಿ ಆಯುಧ ಇಳಿಸಿದರೆ ಸಾಲದು, ಸಂಸ್ಥಾನಗಳಲ್ಲೂ ಇಳಿಸಬೇಕು ಎಂದು ರಾಜರ ಮೇಲೆ ಒತ್ತಡ ಹಾಕಿದರು.

1857 ಶುರುವಾದದ್ದೇ ಕಾಡತೂಸಿನ ಸುದ್ದಿಯಿಂದ. ಎನ್‌ಫೀಲ್ಡ್ ಬಂದೂಕಿನ ಕಾಗದದ ಕಾಡತೂಸನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು, ಅದಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆ ಎಂಬ ಮಾತು ಬಂಗಾಳದ ದಂಡಿನಲ್ಲಿ ಹಬ್ಬಿತು. ಮೇ 10ಕ್ಕೆ ಮೀರತ್ ಎದ್ದಿತು. ಜುಲೈ 31ರ ರಾತ್ರಿ ಕೊಲ್ಹಾಪುರದಲ್ಲಿ 27ನೇ ಪಲ್ಟಣ ತಿರುಗಿಬಿತ್ತು. ನಿಪ್ಪಾಣಿಯಿಂದ ಕೊಲ್ಹಾಪುರ ಎಷ್ಟು ದೂರ ಎಂದು ನಿಮಗೆ ಹೇಳಬೇಕಾಗಿಲ್ಲ. ಆಗಸ್ಟಿನಲ್ಲಿ ಕರ್ನಲ್ ಜೇಕಬ್ ಬಂದು ಆ ಪಲ್ಟಣದ ಆಯುಧ ಇಳಿಸಿದ. ಆಳುವವರಿಗೆ ಈಗ ಸಿಪಾಯಿಗಿಂತ ಹಳ್ಳಿಯ ಭಯ ಹೆಚ್ಚಾಯಿತು.

ಸೆಪ್ಟೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾನೂನು ಪಾಸಾಯಿತು, 1857ರ 28ನೇ ಆಕ್ಟ್. ಅದರ ಹೆಸರಲ್ಲೇ ಎಲ್ಲ ಇದೆ: ಆಯುಧ ಮತ್ತು ಮದ್ದುಗುಂಡಿನ ಆಮದು, ತಯಾರಿ, ಮಾರಾಟ, ಮತ್ತು ಅವನ್ನು ಇಟ್ಟುಕೊಳ್ಳುವ ಹಕ್ಕು. ಲಾವಣಿಯಿಂದ ನಾವು ನೆನಪಿಟ್ಟುಕೊಂಡದ್ದು ಕೊನೆಯದನ್ನು ಮಾತ್ರ. ಮೊದಲ ಮೂರು ಇನ್ನೂ ಆಳಕ್ಕೆ ಇಳಿದವು. ಮದ್ದು ಮಾಡುವವನಿಗೆ ಪರವಾನಗಿ, ಮಾರುವವನಿಗೆ ಪರವಾನಗಿ, ಇಲ್ಲದಿದ್ದರೆ ಶಿಕ್ಷೆ.

ಇಂಥ ಸುದ್ದಿ ಬಂದಾಗ ಜನ ಏನು ಮಾಡುತ್ತಾರೆ? ಯೂರಿಯಾ ಬರುವುದಿಲ್ಲ ಎಂಬ ಮಾತು ವಾಟ್ಸಾಪಿನಲ್ಲಿ ಬಂದರೆ ಎರಡು ಚೀಲ ಬೇಕಾದವನು ಹತ್ತು ಒಯ್ಯುತ್ತಾನೆ, ಸಂಜೆಗೆ ಸೊಸೈಟಿ ಖಾಲಿ. ಅಮೆರಿಕದಲ್ಲಿ 2012ರ ಡಿಸೆಂಬರಿನಲ್ಲಿ ಒಂದು ಶಾಲೆಯಲ್ಲಿ ಮಕ್ಕಳನ್ನು ಗುಂಡಿಕ್ಕಿ ಕೊಂದ ಮೇಲೆ ಹೊಸ ಬಂದೂಕು ಕಾನೂನು ಬರುತ್ತದೆ ಎಂಬ ಭಯಕ್ಕೇ ತಿಂಗಳುಗಟ್ಟಲೆ ಅಂಗಡಿಗಳಲ್ಲಿ ಕಾಡತೂಸು ಸಿಗಲಿಲ್ಲ. ಖಾಲಿ ಕಾಡತೂಸಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವವರಿಗೆ ಮದ್ದೂ ಸಿಗಲಿಲ್ಲ. ಕಾನೂನು ಇನ್ನೂ ಬಂದೇ ಇರಲಿಲ್ಲ, ಸರಕು ಮೊದಲೇ ಮುಗಿದಿತ್ತು.

ಆದರೆ 1857ರ ಹಳ್ಳಿಯಲ್ಲಿ ಅಂಗಡಿ ಮುಂದೆ ಸಾಲು ನಿಲ್ಲುವ ಪ್ರಶ್ನೆ ಇರಲಿಲ್ಲ. ಅಲ್ಲಿ ಗಾಬರಿ ಎಂದರೆ ಹೂತಿಡುವುದು, ಬಚ್ಚಿಡುವುದು, ನಂಬಿಕಸ್ಥರ ಮನೆಗೆ ಸಾಗಿಸುವುದು. ಬಚ್ಚಿಟ್ಟವನು ನಾಳೆಯ ಬೇಟೆಗೆಂದು, ಬೆಳೆಗೆಂದು ಬಚ್ಚಿಟ್ಟಿರಬಹುದು. ಹುಡುಕಲು ಬಂದವನ ಕಣ್ಣಿಗೆ ಅದು ಸಂಚಿನ ಸಾಕ್ಷಿ. ನಮ್ಮ ಅಭಿಪ್ರಾಯ ಕೇಳಿದರೆ ಆ ವರ್ಷದ ಅರ್ಧ ರಕ್ತ ಹರಿದದ್ದು ಈ ಎರಡು ಲೆಕ್ಕಗಳ ನಡುವೆ.

ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ರಾಯಬಾಗ ತಾಲ್ಲೂಕಿನ ಮುಗಳಖೋಡದಿಂದ ಮಹಾಲಿಂಗಪುರ, ಮುಧೋಳ ದಾಟಿ ಹೋಗಬೇಕು. ನವೆಂಬರಿನಲ್ಲಿ ಆಯುಧ ಒಪ್ಪಿಸುವ ಹುಕುಂ ಬಂದಾಗ ಜಡಗ, ಬಾಲ, ಹಣಮ, ರಾಮ ಇವರ ಮುಂದಾಳತ್ವದಲ್ಲಿ ಬೇಡರು ಆಗದು ಎಂದರು. ಸುತ್ತಲಿನ ಹಳ್ಳಿಯವರೂ ಬಂದು ಕೂಡಿಕೊಂಡರು. ಸಂಧಾನದ ಮಾತು ನಡೆದು ಮುರಿಯಿತು. ನವೆಂಬರ್ ಕೊನೆಗೆ ಕಂಪನಿಯ ಕುದುರೆ ಸವಾರರು ಊರನ್ನು ಸುತ್ತಿದರು. ಒಳಗಿದ್ದವರಿಗೆ ಹೊರಗಿನಿಂದ ಒಂದು ಹಿಡಿ ಮದ್ದು ಬರುವ ದಾರಿ ಇರಲಿಲ್ಲ. ಇದ್ದಷ್ಟೇ ಗಡಿಗೆ, ಇದ್ದಷ್ಟೇ ಗುಂಡು. ಹೊರಗಿನವರ ಹಿಂದೆ ಬೆಳಗಾವಿ, ಕಲಾದಗಿ, ಅವುಗಳ ಹಿಂದೆ ಮುಂಬೈ ಬಂದರು. ಮನೆಗಳಿಗೆ ಬೆಂಕಿ ಇಟ್ಟ ಮೇಲೆ ಮುಗಿಯಿತು.

ಡಿಸೆಂಬರ್ ಮೊದಲ ವಾರದಲ್ಲಿ ಕೊಲ್ಹಾಪುರ ಪಟ್ಟಣದವರು ಬಾಗಿಲು ಮುಚ್ಚಿ ಎದ್ದರು, ಅದನ್ನೂ ಜೇಕಬ್ ಅಡಗಿಸಿದ. ಅದೇ ತಿಂಗಳ 11ರಂದು, ಸಂತೆಯ ದಿನ, ಮುಧೋಳದಲ್ಲಿ 13 ಜನರನ್ನು ಗಲ್ಲಿಗೆ ಹಾಕಿದರು. 14ರಂದು ಹಲಗಲಿಯಲ್ಲೇ ಇನ್ನು 6 ಜನರನ್ನು. ಸಂತೆಯ ದಿನ ಆರಿಸಿದ್ದು ಸುಮ್ಮನೆ ಅಲ್ಲ. ಸುತ್ತ ಹತ್ತು ಹಳ್ಳಿಯ ಜನ ಉಪ್ಪು, ಮೆಣಸಿನಕಾಯಿಗೆ ಬರುವ ದಿನ ಅದು. ಆಯುಧ ಹೂತಿಟ್ಟವನು ಅಂದು ರಾತ್ರಿ ಮನೆಗೆ ಹೋಗಿ ಯೋಚನೆ ಮಾಡಲಿ ಎಂದು.

ಮದ್ದಿನ ಜಗಳ ಮರುವರ್ಷಕ್ಕೂ ದಾಟಿತು. ಹಮ್ಮಿಗಿಯಲ್ಲಿ ಕೂಡಿಟ್ಟ ಆಯುಧ, ಮದ್ದುಗುಂಡು ಅಧಿಕಾರಿಗಳ ಕಣ್ಣಿಗೆ ಬಿದ್ದು ಕಾವಲು ಹಾಕಿದ್ದರು. 1858ರ ಮೇ ತಿಂಗಳಲ್ಲಿ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಅದನ್ನು ಒಡೆದು ತಗೊಂಡರು. ಅಲ್ಲಿಂದ ಡಂಬಳದ ಖಜಾನೆ, ಅಲ್ಲಿಂದ ಕೊಪ್ಪಳದ ಕೋಟೆ. ನರಗುಂದದ ಬಾಬಾಸಾಹೇಬನಿಗೂ ತೋಪು, ಮದ್ದು ಧಾರವಾಡಕ್ಕೆ ಕಳಿಸಬೇಕೆಂಬ ಒತ್ತಡ ಇತ್ತು. ಮೇ 29ರ ರಾತ್ರಿ ಸುರೇಬಾನದಲ್ಲಿ ಮ್ಯಾನ್ಸನ್ ಹತನಾದ. ನಮ್ಮ ಶಾಲೆಯ ಪುಸ್ತಕಗಳು ಹಲಗಲಿ, ಮುಂಡರಗಿ, ನರಗುಂದಗಳನ್ನು ಮೂರು ಬೇರೆ ಪಾಠ ಮಾಡುತ್ತವೆ. ಮೂರರಲ್ಲೂ ಮದ್ದು ಯಾರ ಬೀಗದಲ್ಲಿರಬೇಕು ಎಂಬ ತಕರಾರು ಇದೆ.

ಆಮೇಲಿನದ್ದು ಗದ್ದಲವಿಲ್ಲದ ಕಥೆ. 1869ರಲ್ಲಿ ಪುಣೆಯ ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಬಂದೂಕು ಹಿಂದಿನಿಂದ ತುಂಬುವಂಥದ್ದಾಯಿತು, ಗುಂಡು ಲೋಹದ ಕಾಡತೂಸಿನೊಳಗೆ ಹೋಯಿತು. ಇದು ಯಾವ ಕಾನೂನಿಗಿಂತ ಗಟ್ಟಿಯಾದ ಬೀಗ. ಹಳ್ಳಿಯ ಕೈಗೆ ಮಣ್ಣು ಬಸಿದು ಪೆಟ್ಲುಪ್ಪು ತೆಗೆಯಲು ಬರುತ್ತಿತ್ತು, ಸೀಸ ಕರಗಿಸಲು ಬರುತ್ತಿತ್ತು. ಯಂತ್ರದ ಕಾಡತೂಸು ಮಾಡಲು ಬರುತ್ತಿರಲಿಲ್ಲ. 1878ರ ಆಯುಧ ಕಾನೂನಿನಲ್ಲಿ ಸೀಸ, ಗಂಧಕ, ಪೆಟ್ಲುಪ್ಪುಗಳ ಹೆಸರೇ ಬಂತು. ಸರ್ಕಾರ ಬೇಕೆಂದ ಕಡೆ ಒಂದು ಅಧಿಸೂಚನೆ ಹೊರಡಿಸಿ ಅವನ್ನು ಮಿಲಿಟರಿ ಸಾಮಾನಿನ ಲೆಕ್ಕಕ್ಕೆ ತರಬಹುದಿತ್ತು. 1930ರಲ್ಲಿ ಗಾಂಧೀಜಿ ವೈಸ್‌ರಾಯ್‌ಗೆ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಿ ಎಂಬುದೂ ಒಂದು. ಅಹಿಂಸೆಯ ಗಾಂಧಿ ಇದನ್ನು ಕೇಳಿದ್ದರು ಎಂದರೆ ನಮ್ಮ ಓದುಗರಲ್ಲಿ ಕೆಲವರು ನಂಬಲಿಕ್ಕಿಲ್ಲ. ಸ್ವಾತಂತ್ರ್ಯದ ನಂತರ 1959ರಲ್ಲಿ ಹೊಸ ಕಾನೂನಾಯಿತು, ಲೈಸೆನ್ಸಿನ ಕಟ್ಟು ಹಾಗೇ ಉಳಿಯಿತು.

ಹಲಗಲಿಯ ಲಾವಣಿಯನ್ನು ಬರೆದಿಟ್ಟುಕೊಂಡು ಅಚ್ಚು ಹಾಕಿಸಿದವನು ಜಾನ್ ಫ್ಲೀಟ್, ನಮ್ಮ ಭಾಗದಲ್ಲೇ ಕೆಲಸ ಮಾಡಿದ ಇಂಗ್ಲಿಷ್ ಅಧಿಕಾರಿ. ಗಲ್ಲಿಗೆ ಹಾಕಿದ ಸರ್ಕಾರದ ನೌಕರನೇ ಹಾಡನ್ನು ಉಳಿಸಿದ. ಅದರಲ್ಲಿ ದಂಡು ದೋಚಿ ಒಯ್ದ ಸಾಮಾನಿನ ಪಟ್ಟಿ ಬರುತ್ತದೆ. ಉಪ್ಪು, ಎಣ್ಣೆ, ಬೀಸುಕಲ್ಲು ಕೂಡ ಬಿಟ್ಟಿಲ್ಲ. ಬಂದೂಕು ಹುಡುಕಲು ಬಂದವರು ಅಡುಗೆಮನೆ ಖಾಲಿ ಮಾಡಿ ಹೋದರು ಎಂದು ಹಾಡು ಕಟ್ಟಿದವನಿಗೆ ಕಂಡಿದೆ.

ಇದೇ ವರ್ಷಗಳಲ್ಲಿ ಕೊಡಗಿನಲ್ಲಿ ಬೇರೆಯದೇ ನಡೆಯಿತು. ಕೊಡವರು ನಿಷ್ಠರು ಎಂದು 1861ರಲ್ಲಿ ಅವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟರು. ಅವರಿಗೂ ಕೋವಿ ಬೇಟೆಯ, ಬೆಳೆಯ, ಹಬ್ಬದ ಸಾಮಾನು. ಹಲಗಲಿಯ ಬೇಡರಿಗೂ ಅಷ್ಟೇ ಆಗಿತ್ತು. ಕೊಡಗಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. 2029ರವರೆಗೆ ಅದು ಇರುತ್ತದೆ.